ಪ್ಲೇಟಿನಲ್ಲಿ ಸತ್ತ ಕ್ಯಾನ್ಸರ್ ಕೋಶ: ಸಪ್ಲಿಮೆಂಟ್ ಬಗೆಗಿನ ಲ್ಯಾಬ್ ವರದಿಯನ್ನು ಹಂತ ಹಂತವಾಗಿ ಓದುವುದು ಹೇಗೆ?

ಮನೆಯಲ್ಲಿ ಒಬ್ಬರಿಗೆ ಮೆದುಳಿನ ಗಡ್ಡೆ ಅಂತ ಗೊತ್ತಾದ ವಾರದಲ್ಲೇ ಫೋನಿಗೆ ಒಂದರ ಹಿಂದೆ ಒಂದು ಸುದ್ದಿ ಬರತೊಡಗುತ್ತದೆ. ‘ಅರಿಶಿನದ ಅಂಶ ಮೆದುಳಿನ ಕ್ಯಾನ್ಸರ್ ಕೋಶಗಳನ್ನು ಕೊಂದಿತು’, ‘ಗ್ರೀನ್ ಟೀ ಗಡ್ಡೆಯನ್ನು ತಡೆಯಿತು’. ಕಳಿಸಿದವರು ಪ್ರೀತಿಯಿಂದಲೇ ಕಳಿಸಿರುತ್ತಾರೆ. ಓದಿದವರಿಗೆ ಸುಮ್ನೆ ಕೂರಲು ಆಗುವುದಿಲ್ಲ. ಅದೇ ರಾತ್ರಿ ಸಪ್ಲಿಮೆಂಟಿನ ಎರಡು ಡಬ್ಬಿ ಆರ್ಡರ್ ಆಗಿಬಿಡುತ್ತದೆ.

ನಾನು ಕೆಲವು ವರ್ಷ ಕೋಶಗಳನ್ನು ಬೆಳೆಸುವ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ. ಇಂಥ ಸುದ್ದಿಗಳು ಹೆಚ್ಚಿನ ಸಲ ಸುಳ್ಳಲ್ಲ. ಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಅಂದರೆ ಪ್ಲೇಟಿನಲ್ಲಿ, ಕೋಶಗಳು ನಿಜವಾಗಿಯೂ ಸತ್ತಿರುತ್ತವೆ. ಆದರೆ ಎಷ್ಟು ಹಾಕಿದಾಗ ಸತ್ತವು, ಅಷ್ಟು ಪ್ರಮಾಣ ಬದುಕಿರುವ ಮನುಷ್ಯನ ಮೆದುಳಿಗೆ ತಲುಪುತ್ತದಾ ಎನ್ನುವುದು ಸುದ್ದಿಯಲ್ಲಿ ಇರುವುದಿಲ್ಲ. ಅದನ್ನು ನೀವೇ ಹುಡುಕಿಕೊಳ್ಳಬಹುದು. ಅದಕ್ಕೆ ವಿಜ್ಞಾನ ಓದಿರಬೇಕಾಗಿಲ್ಲ. ಎಲ್ಲಿ ನೋಡಬೇಕು, ಏನು ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

ಹಂತ 1: ಮೂಲ ಪ್ರಬಂಧ ಕೈಗೆ ಬರಲಿ

ಸುದ್ದಿ ಓದಿ ತೀರ್ಮಾನಕ್ಕೆ ಬರಬೇಡಿ. ಸುದ್ದಿಯಲ್ಲಿ ಸಂಶೋಧನಾ ಪತ್ರಿಕೆಯ ಹೆಸರೋ ಸಂಶೋಧಕರ ಹೆಸರೋ ಇರಬೇಕು. ಎರಡೂ ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಇದ್ದರೆ ವೈದ್ಯಕೀಯ ಪ್ರಬಂಧಗಳನ್ನು ಹುಡುಕಿಕೊಡುವ ಪಬ್‌ಮೆಡ್ ತಾಣದಲ್ಲಿ ಹುಡುಕಿ. ಸಾರಾಂಶ ಪುಕ್ಕಟೆ ಸಿಗುತ್ತದೆ, ಎಷ್ಟೋ ಸಲ ಪೂರ್ತಿ ಪ್ರಬಂಧವೇ ಸಿಗುತ್ತದೆ.

ಸಾರಾಂಶದಲ್ಲಿ ಎರಡು ಪದ ಹುಡುಕಿ. ‘ಇನ್ ವಿಟ್ರೋ’ ಅಂದರೆ ದೇಹದ ಹೊರಗೆ, ಪ್ಲೇಟಿನಲ್ಲೋ ಟ್ಯೂಬಿನಲ್ಲೋ ಮಾಡಿದ್ದು. ‘ಇನ್ ವಿವೋ’ ಅಂದರೆ ಜೀವಂತ ದೇಹದಲ್ಲಿ ಮಾಡಿದ್ದು, ಹೆಚ್ಚಾಗಿ ಇಲಿಯಲ್ಲಿ. ಬರೀ ‘ಇನ್ ವಿಟ್ರೋ’ ಇದ್ದರೆ ಆ ಅಧ್ಯಯನದಲ್ಲಿ ರೋಗಿ ಇಲ್ಲ, ಪ್ರಾಣಿಯೂ ಇಲ್ಲ. ಪ್ರಬಂಧದ ಕೊನೆಗೆ ಹಣ ಕೊಟ್ಟವರು ಯಾರು, ಲೇಖಕರಿಗೆ ಆ ಉತ್ಪನ್ನದಲ್ಲಿ ಪಾಲಿದೆಯಾ ಅಂತ ಬರೆದಿರುತ್ತಾರೆ. ಅದನ್ನೂ ಒಮ್ಮೆ ನೋಡಿಕೊಳ್ಳಿ. ಪಾಲಿದ್ದ ಮಾತ್ರಕ್ಕೆ ಫಲಿತಾಂಶ ತಪ್ಪು ಅಂತಲ್ಲ, ಆದರೆ ಉಳಿದ ಹಂತಗಳನ್ನು ಇನ್ನೂ ಬಿಗಿಯಾಗಿ ಓದಬೇಕಾಗುತ್ತದೆ.

ಹಂತ 2: ಪ್ಲೇಟಿಗೆ ಹಾಕಿದ್ದು ಡಬ್ಬಿಯಲ್ಲಿರುವ ಪದಾರ್ಥವೇನಾ?

ಇದನ್ನು ಬಹಳ ಜನ ಕೇಳುವುದೇ ಇಲ್ಲ. ಲ್ಯಾಬಿನವರು ಸಾಮಾನ್ಯವಾಗಿ ರಾಸಾಯನಿಕ ಮಾರುವ ಕಂಪನಿಯಿಂದ ಶುದ್ಧ ಪುಡಿ ತರಿಸುತ್ತಾರೆ. ಅದು ಒಂದೇ ಅಣು, ಶುದ್ಧತೆ ಎಷ್ಟು ಅಂತ ಚೀಟಿಯ ಮೇಲೇ ಬರೆದಿರುತ್ತದೆ. ಅಂಗಡಿಯ ಕ್ಯಾಪ್ಸೂಲ್ ಹಾಗಲ್ಲ. ಅದರಲ್ಲಿ ಗಿಡದ ಸಾರ ಇರುತ್ತದೆ, ಪುಡಿ ಅಂಟಿಕೊಳ್ಳದಿರಲೆಂದು ಹಾಕಿದ ವಸ್ತು ಇರುತ್ತದೆ, ಎಷ್ಟೋ ಸಲ ಇನ್ನೂ ನಾಲ್ಕಾರು ಸಾರಗಳು ಸೇರಿರುತ್ತವೆ. ‘ನಮ್ಮದೇ ವಿಶೇಷ ಮಿಶ್ರಣ’ ಅಂತ ಬರೆದಿದ್ದರೆ ಯಾವುದು ಎಷ್ಟಿದೆ ಅನ್ನುವುದೇ ತಿಳಿಯುವುದಿಲ್ಲ.

ಕೆಲವು ಲ್ಯಾಬ್‌ಗಳು ಕ್ಯಾಪ್ಸೂಲನ್ನೇ ಬಿಚ್ಚಿ, ಕರಗಿಸಿ, ಸೋಸಿ ಪರೀಕ್ಷೆ ಮಾಡುತ್ತವೆ. ಅದು ಒಳ್ಳೆಯ ಕೆಲಸ. ಆದರೆ ಆಗ ಮೊದಲು ಕ್ಯಾಪ್ಸೂಲಿನೊಳಗೆ ಏನಿದೆ ಅಂತ ಅಳೆದಿರಬೇಕು. ಎಚ್‌ಪಿಎಲ್‌ಸಿ ಎಂಬ ಯಂತ್ರ ಸಾರದಲ್ಲಿರುವ ಅಣುಗಳನ್ನು ಬೇರ್ಪಡಿಸುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳ ತೂಕ ನೋಡಿ ಗುರುತು ಹಿಡಿಯುತ್ತದೆ. ಸೀಸ, ಪಾದರಸ, ಆರ್ಸೆನಿಕ್ ಇವೆಯಾ ಅಂತಲೂ ನೋಡಬೇಕು. ಅರಿಶಿನಕ್ಕೆ ಬಣ್ಣ ಬರಲೆಂದು ಲೆಡ್ ಕ್ರೋಮೇಟ್ ಬೆರೆಸಿರುವುದು ಹಲವು ಸಲ ಸಿಕ್ಕಿಬಿದ್ದಿದೆ. ಸೀಸವೂ ಕೋಶಗಳನ್ನು ಕೊಲ್ಲುತ್ತದೆ. ಹೀಗಿರುವಾಗ ಕೊಂದದ್ದು ಯಾವುದು ಅಂತ ಅಳೆಯದೆ ಹೇಳುವುದು ಹೇಗೆ?

ಇನ್ನೊಂದು ಸಂಗತಿ ಕರಗಿಸುವುದು. ಇಂಥ ಎಷ್ಟೋ ಅಣುಗಳು ನೀರಿನಲ್ಲಿ ಕರಗುವುದಿಲ್ಲ. ಅವನ್ನು ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿ ಕೋಶಗಳಿಗೆ ಹಾಕುತ್ತಾರೆ. ಡಿಎಂಎಸ್‌ಓ ಜಾಸ್ತಿಯಾದರೆ ಅದೇ ಕೋಶಗಳನ್ನು ಕೊಲ್ಲುತ್ತದೆ. ಹಾಗಾಗಿ ಸಪ್ಲಿಮೆಂಟ್ ಇಲ್ಲದೆ ಬರೀ ಅಷ್ಟೇ ಡಿಎಂಎಸ್‌ಓ ಹಾಕಿದ ಕುಳಿಗಳು (ಪ್ಲೇಟಿನಲ್ಲಿರುವ ಪುಟ್ಟ ಗುಂಡಿಗಳು) ಇದ್ದೇ ಇರಬೇಕು. ಸಾಮಾನ್ಯವಾಗಿ ಅದರ ಪ್ರಮಾಣವನ್ನು ನೂರಕ್ಕೆ 0.1ರಿಂದ 0.5ರ ಒಳಗೇ ಇಡುತ್ತಾರೆ. ವಿಧಾನದ ಭಾಗದಲ್ಲಿ ಇದರ ಮಾತೇ ಇಲ್ಲ ಅಂದರೆ ಆ ಪ್ರಬಂಧದ ಮೇಲೆ ನನಗೆ ಅಲ್ಲೇ ನಂಬಿಕೆ ಕಡಿಮೆಯಾಗುತ್ತದೆ.

ಹಂತ 3: ಯಾವ ಕೋಶ?

ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣುವುದೂ ಬಹಳ ಬೇಗ ಹರಡುವುದೂ ಗ್ಲಿಯೋಬ್ಲಾಸ್ಟೋಮ. ಲ್ಯಾಬ್ ಪರೀಕ್ಷೆಗಳಲ್ಲಿ ಹೆಚ್ಚಿನವು ಇದರ ಕೋಶಗಳ ಮೇಲೆ ನಡೆಯುತ್ತವೆ. ಯು87, ಯು251, ಟಿ98ಜಿ, ಎ172, ಎಲ್ಎನ್229 ಎಂಬ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಇವನ್ನು ಕೋಶ ಸಾಲು ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಒಬ್ಬ ರೋಗಿಯ ಗಡ್ಡೆಯಿಂದ ತೆಗೆದ ಕೋಶಗಳು ಇವು, ದಶಕಗಳಿಂದ ಪ್ಲೇಟಿನಲ್ಲೇ ಒಡೆದು ಒಡೆದು ಹೆಚ್ಚುತ್ತಿವೆ.

ಯು87ರ ಕಥೆ ತಿಳಿದಿರಲಿ. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಒಬ್ಬ ರೋಗಿಯ ಗಡ್ಡೆಯಿಂದ ಇದನ್ನು ಬೆಳೆಸಿದ್ದರು. ಲೋಕದ ತುಂಬ ಹಂಚಿಹೋಯಿತು. 2016ರಲ್ಲಿ ಅದೇ ಉಪ್ಸಲಾದ ಸಂಶೋಧಕರು ಹಳೆಯ ಅಂಗಾಂಶದ ಡಿಎನ್ಎ ಜೊತೆ ಹೋಲಿಸಿ ನೋಡಿದರೆ, ಎಲ್ಲರೂ ಬಳಸುತ್ತಿರುವ ಯು87 ಆ ರೋಗಿಯದ್ದಲ್ಲ! ಅದು ಮನುಷ್ಯನ ಮೆದುಳಿನ ಗಡ್ಡೆಯದ್ದೇ ಇರಬೇಕು, ಆದರೆ ಯಾರದ್ದು ಅಂತ ತಿಳಿಯದು. ಯು373 ಅಂತ ಬಹಳ ಕಾಲ ಬಳಸಿದ ಇನ್ನೊಂದು ಸಾಲು ನಿಜದಲ್ಲಿ ಯು251 ಆಗಿತ್ತು. ಇಂಥ ಅದಲುಬದಲು ಕೋಶ ಸಾಲುಗಳ ಲೋಕದಲ್ಲಿ ಹೊಸದೇನಲ್ಲ. ಅದಕ್ಕೇ ‘ಎಸ್‌ಟಿಆರ್ ಪರೀಕ್ಷೆ ಮಾಡಿಸಿದ್ದೇವೆ’ ಅನ್ನುವ ವಾಕ್ಯವನ್ನು ಹುಡುಕಿ. ಅದು ಕೋಶಗಳ ಬೆರಳಚ್ಚು ತೆಗೆದ ಹಾಗೆ. ಮೈಕೋಪ್ಲಾಸ್ಮಾ ಇಲ್ಲ ಅಂತಲೂ ಬರೆದಿರಬೇಕು. ಈ ಪುಟ್ಟ ಬ್ಯಾಕ್ಟೀರಿಯ ಪ್ಲೇಟಿಗೆ ಹೊಕ್ಕರೆ ನೀರು ಕದಡುವುದಿಲ್ಲ, ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಇಲ್ಲ. ಕೋಶಗಳ ನಡತೆ ಮಾತ್ರ ಬದಲಾಗಿಬಿಡುತ್ತದೆ.

ಒಂದೇ ಸಾಲಿನ ಮೇಲೆ ಪರೀಕ್ಷೆ ಮಾಡಿದ್ದರೆ ಅದು ಸಾಲದು. ಕಾರಣ ಇದೆ. ಎಂಜಿಎಂಟಿ ಎಂಬ ಪ್ರೊಟೀನ್, ಗ್ಲಿಯೋಬ್ಲಾಸ್ಟೋಮಕ್ಕೆ ಕೊಡುವ ಟೆಮೊಜೊಲೊಮೈಡ್ ಔಷಧ ಕೋಶದ ಡಿಎನ್ಎಗೆ ಮಾಡಿದ ಗಾಯವನ್ನು ರಿಪೇರಿ ಮಾಡುತ್ತದೆ. ಯು87ರಲ್ಲಿ ಅದು ಮುಚ್ಚಿಹೋಗಿದೆ, ಟಿ98ಜಿಯಲ್ಲಿ ಜೋರಾಗಿಯೇ ಇದೆ. ಹಾಗಾಗಿ ಒಂದೇ ಔಷಧಕ್ಕೆ ಎರಡೂ ಬೇರೆ ಬೇರೆಯಾಗಿ ಬಗ್ಗುತ್ತವೆ. ರೋಗಿಗಳಲ್ಲೂ ಇದೇ ವ್ಯತ್ಯಾಸ ಇದೆ.

ಎಲ್ಲಕ್ಕಿಂತ ಮುಖ್ಯವಾಗಿ, ಆರೋಗ್ಯವಂತ ಕೋಶಗಳ ಮೇಲೂ ಅದೇ ಡೋಸ್ ಹಾಕಿ ನೋಡಿದ್ದಾರಾ? ಮೆದುಳಿನ ಸಹಜ ಆಸ್ಟ್ರೋಸೈಟ್ ಕೋಶಗಳು ಲ್ಯಾಬಿಗೆ ಸಿಗುತ್ತವೆ. ಅವೂ ಅಷ್ಟೇ ಸಂಖ್ಯೆಯಲ್ಲಿ ಸತ್ತಿದ್ದರೆ ಅದು ಕ್ಯಾನ್ಸರ್ ಔಷಧ ಅಲ್ಲ, ಬರೀ ವಿಷ. ಸೋಪಿನ ನೀರು ಹಾಕಿದರೂ ಪ್ಲೇಟಿನ ಕೋಶಗಳೆಲ್ಲ ಸಾಯುತ್ತವೆ.

ಹಂತ 4: ಪ್ಲೇಟಿನ ಪಕ್ಕ ಕೂತು ನೋಡಿ

ಈಗ ಪರೀಕ್ಷೆ ನಡೆಯುವ ಜಾಗಕ್ಕೆ ಬರೋಣ. ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 8 ಸಾಲು, ಸಾಲಿಗೆ 12ರಂತೆ 96 ಕುಳಿಗಳು. ಒಂದೊಂದು ಕುಳಿಗೂ ಕೆಲವು ಸಾವಿರ ಕೋಶ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ. ರಾತ್ರಿಯೆಲ್ಲ 37 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟರೆ ಕೋಶಗಳು ತಳಕ್ಕೆ ಅಂಟಿಕೊಂಡು ಕಾಲು ಚಾಚುತ್ತವೆ. ಮಾರನೇ ದಿನ ಸಪ್ಲಿಮೆಂಟನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ: ಕೆಲವು ಕುಳಿಗೆ 1 ಮೈಕ್ರೋಮೋಲಾರ್ (ದ್ರವದಲ್ಲಿ ಅಣುಗಳು ಎಷ್ಟು ದಟ್ಟವಾಗಿವೆ ಅಂತ ಹೇಳುವ ಅಳತೆ), ಕೆಲವಕ್ಕೆ 5, ಆಮೇಲೆ 10, 25, 50, 100. ಒಂದು ದಿನ, ಎರಡು ದಿನ ಅಥವಾ ಮೂರು ದಿನ ಕಾಯುತ್ತಾರೆ.

ಆಮೇಲೆ ಎಂಟಿಟಿ ಎಂಬ ಹಳದಿ ದ್ರವ ಹಾಕುತ್ತಾರೆ. 1983ರಿಂದ ಬಳಕೆಯಲ್ಲಿರುವ ವಿಧಾನ ಇದು. ಬದುಕಿರುವ ಕೋಶ ಆ ಹಳದಿಯನ್ನು ಮೂರು ನಾಲ್ಕು ಗಂಟೆಯಲ್ಲಿ ನೇರಳೆ ಹರಳುಗಳಾಗಿ ಮಾರ್ಪಡಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಮೈಮೇಲೆ ಸೂಜಿ ಚುಚ್ಚಿದ ಹಾಗೆ ಕಾಣುತ್ತವೆ. ಹರಳುಗಳನ್ನು ಕರಗಿಸಿ ಯಂತ್ರದಲ್ಲಿಟ್ಟರೆ ಬಣ್ಣ ಎಷ್ಟು ಗಾಢ ಅಂತ ಅಂಕಿ ಬರುತ್ತದೆ. ನೇರಳೆ ಜಾಸ್ತಿ ಇದ್ದರೆ ಬದುಕಿದವು ಜಾಸ್ತಿ. ತಟ್ಟೆಯ ಎಡದಿಂದ ಬಲಕ್ಕೆ ನೇರಳೆ ತೆಳ್ಳಗಾಗುತ್ತ ಹೋದರೆ ಮನಸ್ಸು ಕುಣಿಯುತ್ತದೆ. ನನಗೂ ಕುಣಿದಿದೆ.

ಆದರೆ ಇಲ್ಲೇ ಮೋಸ ಹೋಗುವ ಜಾಗಗಳು ಬಹಳ. ಒಮ್ಮೆ ಗಿಡದ ಸಾರವೊಂದನ್ನು ಪರೀಕ್ಷೆ ಮಾಡುತ್ತಿದ್ದೆ. ಕೋಶಗಳೇ ಇಲ್ಲದ, ಬರೀ ಸಾರ ಇದ್ದ ಕುಳಿಗಳು ಕೂಡ ನೇರಳೆಯಾಗಿ ಕೂತಿದ್ದವು. ತಲೆ ಕೆಟ್ಟುಹೋಯಿತು. ನಮ್ಮ ಹಿರಿಯರು ಬಂದು ನೋಡಿ, “ಇದು ಆಂಟಿಆಕ್ಸಿಡೆಂಟ್ ಅಲ್ವಾ? ಎಂಟಿಟಿಯನ್ನ ತಾನೇ ಬಣ್ಣ ಬದಲಿಸ್ತಿದೆ, ಕೋಶ ಬೇಕಾಗೇ ಇಲ್ಲ” ಅಂದರು. ಮೂರು ವಾರದ ಕೆಲಸವನ್ನು ಮೊದಲಿಂದ ಮಾಡಬೇಕಾಯಿತು. ಅಂದಿನಿಂದ ಯಾವ ಪ್ರಬಂಧ ಓದಿದರೂ ‘ಕೋಶವಿಲ್ಲದ ಕುಳಿ’ ಇಟ್ಟಿದ್ದಾರಾ ಅಂತ ಮೊದಲು ಹುಡುಕುತ್ತೇನೆ. ಸಪ್ಲಿಮೆಂಟ್‌ಗಳಲ್ಲಿ ಆಂಟಿಆಕ್ಸಿಡೆಂಟ್‌ಗಳೇ ಜಾಸ್ತಿ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಇದಕ್ಕೆ ತಿರುಗುಮುರುಗಾದ ಮೋಸವೂ ಇದೆ. ಗ್ರೀನ್ ಟೀಯ ಮುಖ್ಯ ಅಂಶವಾದ ಇಜಿಸಿಜಿಯಾಗಲಿ, ಹೆಚ್ಚು ಪ್ರಮಾಣದ ವಿಟಮಿನ್ ಸಿಯಾಗಲಿ, ಪೋಷಕ ದ್ರವಕ್ಕೆ ಬಿದ್ದ ಕೂಡಲೇ ಅಲ್ಲಿನ ಆಮ್ಲಜನಕದ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತವೆ. ಗಾಯ ತೊಳೆಯುವ ಅದೇ ಪೆರಾಕ್ಸೈಡ್. ಕೋಶಗಳನ್ನು ಕೊಲ್ಲುವುದು ಅದು. ಹೊಟ್ಟೆಗೆ ತೆಗೆದುಕೊಂಡಾಗ ದೇಹದೊಳಗೆ ಹೀಗೆ ಆಗಬೇಕೆಂದಿಲ್ಲ. ಇದನ್ನು ಪತ್ತೆ ಮಾಡಲು ಕೆಟಲೇಸ್ ಎಂಬ ಕಿಣ್ವ ಹಾಕಿ ನೋಡುತ್ತಾರೆ. ಅದು ಪೆರಾಕ್ಸೈಡನ್ನು ಒಡೆದುಹಾಕುತ್ತದೆ. ಕೆಟಲೇಸ್ ಹಾಕಿದ ಮೇಲೆ ಕೋಶಗಳು ಬದುಕಿಕೊಂಡರೆ, ಕೊಂದದ್ದು ಪೆರಾಕ್ಸೈಡ್ ಅಂತ ಗೊತ್ತಾಗುತ್ತದೆ.

ಅರಿಶಿನದ ಮುಖ್ಯ ಅಂಶವಾದ ಕುರ್ಕ್ಯುಮಿನ್ ಇನ್ನೊಂದು ತರಹದ ತೊಂದರೆ. ಅದು ಸ್ವತಃ ಗಾಢ ಹಳದಿ, ಬೆಳಕಿಗೆ ಹೊಳೆಯುತ್ತದೆ ಕೂಡ. ಬಣ್ಣ ಅಥವಾ ಹೊಳಪು ಅಳೆಯುವ ಪರೀಕ್ಷೆಗಳನ್ನೆಲ್ಲ ಕದಡುತ್ತದೆ. ಸೀರಂ (ರಕ್ತದ ತಿಳಿ ಭಾಗ) ಇಲ್ಲದ ದ್ರವದಲ್ಲಿ ದೇಹದಷ್ಟೇ ಪಿಎಚ್ ಇದ್ದರೆ ಅರ್ಧ ಗಂಟೆಯಲ್ಲಿ ಅದರ ಬಹುಪಾಲು ಒಡೆದುಹೋಗುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರದ ಒಂದು ಹೆಸರಾಂತ ಪತ್ರಿಕೆಯಲ್ಲಿ ಬಂದ ದೊಡ್ಡ ಪರಿಶೀಲನಾ ಲೇಖನ ಇದನ್ನೆಲ್ಲ ಬಿಡಿಸಿ ಹೇಳಿ, ಪರೀಕ್ಷೆಗಳಿಗೆ ಸುಳ್ಳು ಫಲಿತಾಂಶ ಕೊಡುವ ಅಣುಗಳ ಸಾಲಿನಲ್ಲಿ ಕುರ್ಕ್ಯುಮಿನ್ನನ್ನು ಇಟ್ಟಿತು.

ಹಾಗಾಗಿ ಒಂದೇ ವಿಧಾನದಲ್ಲಿ ಬಂದ ಫಲಿತಾಂಶಕ್ಕೆ ತಲೆದೂಗಬೇಡಿ. ಎಂಟಿಟಿ ಜೊತೆ ಇನ್ನೊಂದಾದರೂ ಇರಬೇಕು. ಟ್ರಿಪಾನ್ ಬ್ಲೂ ಹಾಕಿ ಎಣಿಸುವುದು ಒಂದು, ಅದರಲ್ಲಿ ಸತ್ತ ಕೋಶ ನೀಲಿಯಾಗುತ್ತದೆ. ಸಾಯತೊಡಗಿದ ಕೋಶಗಳನ್ನು ಗುರುತಿಸುವ ಅನೆಕ್ಸಿನ್ ಪರೀಕ್ಷೆ ಇನ್ನೊಂದು. ಔಷಧ ತೆಗೆದ ಮೇಲೆ ಎರಡು ವಾರ ಬಿಟ್ಟು ಎಷ್ಟು ಕೋಶ ಮತ್ತೆ ಗುಂಪು ಕಟ್ಟಿದವು ಅಂತ ಎಣಿಸುವುದು ಮಗದೊಂದು. ಈ ಕೊನೆಯದು ನನಗೆ ಇಷ್ಟದ್ದು. ಬೆಳವಣಿಗೆ ತಾತ್ಕಾಲಿಕವಾಗಿ ನಿಂತಿತ್ತೋ, ನಿಜವಾಗಿ ಸತ್ತವೋ ಅನ್ನುವುದು ಅಲ್ಲಿ ಬಯಲಾಗುತ್ತದೆ. ಮೂರು ಬೇರೆ ಬೇರೆ ದಿನ, ಹೊಸದಾಗಿ ಕೋಶ ಹಾಕಿ ಮಾಡಿದ್ದರೆ ಅದು ಮೂರು ಪ್ರಯೋಗ. ಒಂದೇ ತಟ್ಟೆಯ ಮೂರು ಕುಳಿಗಳನ್ನು ಮೂರು ಪ್ರಯೋಗ ಅಂತ ಬರೆದವರೂ ಇದ್ದಾರೆ, ಅದು ಒಂದೇ.

ಹಂತ 5: ಅಂಕಿಯನ್ನು ಹಿಡಿದು ಲೆಕ್ಕ ಹಾಕಿ

ಸಮಯ ಕಡಿಮೆ ಇದ್ದರೆ ಉಳಿದದ್ದನ್ನು ಬಿಟ್ಟು ಈ ಹಂತ ಒಂದನ್ನೇ ಮಾಡಿ.

ಪ್ರಬಂಧದಲ್ಲಿ ‘ಐಸಿ50’ ಅಂತ ಒಂದು ಅಂಕಿ ಇರುತ್ತದೆ. ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಬೇಕಾದ ಪ್ರಮಾಣ ಅದು. ಮೈಕ್ರೋಮೋಲಾರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಅದನ್ನು ಮಿಲಿಗ್ರಾಂಗೆ ತರುವುದು ಸುಲಭ. ಅಣುವಿನ ತೂಕದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಬರುತ್ತದೆ.

ಕುರ್ಕ್ಯುಮಿನ್ ತೆಗೆದುಕೊಳ್ಳೋಣ. ಅದರ ಅಣುತೂಕ 368. ಮೆದುಳಿನ ಕ್ಯಾನ್ಸರ್ ಕೋಶಗಳ ಪರೀಕ್ಷೆಗಳಲ್ಲಿ 10ರಿಂದ 50 ಮೈಕ್ರೋಮೋಲಾರ್ ಹಾಕುವುದು ರೂಢಿ. 20 ಅಂತ ಇಟ್ಟುಕೊಳ್ಳಿ. 20 ಗುಣಿಸು 368, ಭಾಗಿಸು 1000. ಲೀಟರಿಗೆ ಸುಮಾರು 7.4 ಮಿಲಿಗ್ರಾಂ. ದೊಡ್ಡವರ ದೇಹದಲ್ಲಿ ರಕ್ತ ಸುಮಾರು 5 ಲೀಟರ್. ಅಂದರೆ ಒಟ್ಟು 37 ಮಿಲಿಗ್ರಾಂ ರಕ್ತದಲ್ಲಿರಬೇಕು.

ಇಷ್ಟು ಓದಿದವರು, ‘ಒಂದು ಕ್ಯಾಪ್ಸೂಲಿನಲ್ಲೇ 500 ಮಿಲಿಗ್ರಾಂ ಇದೆಯಲ್ಲ, ಬೇಕಾದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ!’ ಅಂದುಕೊಳ್ಳುತ್ತಾರೆ. ಸಹಜ. ಆದರೆ ನುಂಗಿದ್ದೆಲ್ಲ ರಕ್ತಕ್ಕೆ ಬರುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂ, ಅಂದರೆ 8,000 ಮಿಲಿಗ್ರಾಂ ಕುರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಅದು ಏರಿದ್ದು ಸರಾಸರಿ 1.77 ಮೈಕ್ರೋಮೋಲಾರ್‌ವರೆಗೆ ಮಾತ್ರ. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ: ಲೀಟರಿಗೆ 0.65 ಮಿಲಿಗ್ರಾಂ. ಐದು ಲೀಟರಿಗೆ ಮೂರು ಚಿಲ್ಲರೆ ಮಿಲಿಗ್ರಾಂ. ನುಂಗಿದ್ದು ಎಂಟು ಸಾವಿರ! ಉಳಿದದ್ದು ಕರುಳಿನಲ್ಲೇ ಹೊರಗೆ ಹೋಗುತ್ತದೆ, ಇಲ್ಲವೇ ಕರುಳಿನ ಗೋಡೆ ಮತ್ತು ಯಕೃತ್ತು ಅದಕ್ಕೆ ಬಾಲ ಕಟ್ಟಿ ಬೇರೆ ಅಣುವಾಗಿಸಿ ಸಾಗಹಾಕುತ್ತವೆ.

ಪ್ಲೇಟಿನಲ್ಲಿ 20 ಮೈಕ್ರೋಮೋಲಾರ್ ಎರಡು ದಿನ ಪೂರ್ತಿ ಕೋಶಗಳ ಮೇಲೆ ಕೂತಿರುತ್ತದೆ. ದೇಹದಲ್ಲಿ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಅದೂ ಕೆಲವು ಗಂಟೆ. ಅದರಲ್ಲೂ ಬಹುಪಾಲು ರಕ್ತದ ಪ್ರೊಟೀನುಗಳಿಗೆ ಅಂಟಿಕೊಂಡೇ ಇರುತ್ತದೆ.

‘ನಮ್ಮ ಕ್ಯಾಪ್ಸೂಲಿನಲ್ಲಿ ಕಾಳುಮೆಣಸಿನ ಅಂಶ ಇದೆ, ಹೀರಿಕೆ 20 ಪಟ್ಟು’ ಅನ್ನುವ ಜಾಹೀರಾತನ್ನು ನೀವು ನೋಡಿರಬಹುದು. ಆ ಅಂಶದ ಹೆಸರು ಪೈಪರಿನ್. 1998ರ ಒಂದು ಅಧ್ಯಯನದಲ್ಲಿ ಅದರ ಜೊತೆ ಕೊಟ್ಟಾಗ ಹಾಗೆ ಏರಿದ್ದು ನಿಜ. ಆದರೆ ಬರೀ ಕುರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಅತ್ಯಲ್ಪ. ಅತ್ಯಲ್ಪದ 20 ಪಟ್ಟು ಕೂಡ ಅಲ್ಪವೇ. ಇನ್ನು ‘ನ್ಯಾನೋ’ ಅಂತ ಬರುವ ಹೊಸ ರೂಪಗಳಲ್ಲಿ ಹಲವು, ಬಾಲ ಕಟ್ಟಿದ ಅಣುಗಳನ್ನೂ ಸೇರಿಸಿ ‘ಒಟ್ಟು ಕುರ್ಕ್ಯುಮಿನ್’ ಅಂತ ಅಂಕಿ ಕೊಡುತ್ತವೆ. ಪ್ಲೇಟಿನಲ್ಲಿ ಪರೀಕ್ಷೆ ಮಾಡಿದ್ದು ಬಾಲ ಇಲ್ಲದ್ದನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಗಿಡದಿಂದ ಬಂದದ್ದೆಲ್ಲ ಹೀಗೇ ಅಂತ ನಾನು ಹೇಳುತ್ತಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಬಂದದ್ದು ನಿತ್ಯಪುಷ್ಪದ ಗಿಡದಿಂದ. ಮೆದುಳಿನ ಕೆಲವು ಗಡ್ಡೆಗಳಿಗೆ ಕೊಡುವ ಔಷಧಗಳ ಗುಂಪಿನಲ್ಲೂ ಅದು ಇದೆ. ಆದರೆ ಅದು ಪ್ಲೇಟಿನಲ್ಲಿ ನ್ಯಾನೋಮೋಲಾರ್ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ, ಮೈಕ್ರೋಮೋಲಾರಿನ ಸಾವಿರದಲ್ಲಿ ಒಂದು ಪಾಲು. ರಕ್ತನಾಳಕ್ಕೆ ನೇರ ಕೊಡುತ್ತಾರೆ, ಒಂದೆರಡು ಮಿಲಿಗ್ರಾಂ ಸಾಕು. ಲ್ಯಾಬಿನಲ್ಲಿ ಗಿಡಗಳನ್ನು ಸೋಸಿ ನೋಡುವ ಕೆಲಸ ಬೇಕೇ ಬೇಕು ಅಂತ ನಾನು ನಂಬುವುದು ಇಂಥ ಉದಾಹರಣೆಗಳಿಂದಲೇ.

ಹಂತ 6: ಮೆದುಳಿನ ಬಾಗಿಲು

ರಕ್ತಕ್ಕೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಮೆದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಇದನ್ನು ರಕ್ತ-ಮೆದುಳು ತಡೆ ಅನ್ನುತ್ತಾರೆ. ಸಣ್ಣ, ಎಣ್ಣೆಯಲ್ಲಿ ಕರಗುವ ಅಣುಗಳಿಗೆ ದಾರಿ ಸಿಗಬಹುದು. ನುಸುಳಿದ್ದನ್ನು ಹಿಡಿದು ಹೊರಕ್ಕೆ ತಳ್ಳುವ ಪಂಪುಗಳೂ ಅಲ್ಲಿವೆ. ಟೆಮೊಜೊಲೊಮೈಡ್ ಅಣುತೂಕ 194, ಪುಟ್ಟ ಅಣು. ಅದಾದರೂ ಮೆದುಳಿನ ದ್ರವಕ್ಕೆ ಹೋಗುವುದು ರಕ್ತದಲ್ಲಿರುವುದರ ಸುಮಾರು ಐದನೇ ಒಂದು ಭಾಗ.

‘ಗಡ್ಡೆ ಇರುವಲ್ಲಿ ತಡೆ ಒಡೆದಿರುತ್ತದೆ, ಔಷಧ ಸುಲಭವಾಗಿ ಹೋಗುತ್ತದೆ’ ಅಂತ ಕೆಲವರು ಹೇಳುತ್ತಾರೆ. ಗಡ್ಡೆಯ ನಡುಭಾಗದಲ್ಲಿ ಅದು ನಿಜ. ಆದರೆ ಆ ಭಾಗವನ್ನು ಶಸ್ತ್ರವೈದ್ಯರು ಹೆಚ್ಚಾಗಿ ತೆಗೆದಿರುತ್ತಾರೆ. ಗ್ಲಿಯೋಬ್ಲಾಸ್ಟೋಮ ಮರಳಿ ಬರುವುದು ಅಂಚಿನಲ್ಲಿ, ಆರೋಗ್ಯವಂತ ಮೆದುಳಿನೊಳಗೆ ಬೇರು ಬಿಟ್ಟು ಕೂತ ಕೋಶಗಳಿಂದ. ಅಲ್ಲಿ ತಡೆ ಗಟ್ಟಿಯಾಗಿಯೇ ಇರುತ್ತದೆ.

ಹಂತ 7: ಇಲಿಯ ಪ್ರಯೋಗ ಇದ್ದರೆ

ಮೊದಲ ಪ್ರಶ್ನೆ: ಗಡ್ಡೆ ಎಲ್ಲಿ ಬೆಳೆಸಿದರು? ಎಷ್ಟೋ ಪ್ರಯೋಗಗಳಲ್ಲಿ ಮೆದುಳಿನ ಕ್ಯಾನ್ಸರ್ ಕೋಶಗಳನ್ನು ಇಲಿಯ ಪಕ್ಕೆಯ ಚರ್ಮದಡಿ ಹಾಕುತ್ತಾರೆ. ಅಳೆಯಲು ಸುಲಭ, ಆದರೆ ಅಲ್ಲಿ ಮೆದುಳಿನ ತಡೆ ಇಲ್ಲವೇ ಇಲ್ಲ. ತಲೆಬುರುಡೆಯೊಳಗೆ ಬೆಳೆಸಿದ್ದರೆ ಮಾತ್ರ ಗಮನ ಕೊಡಿ. ಅದರಲ್ಲೂ ಯು87 ಇಲಿಯ ಮೆದುಳಿನಲ್ಲಿ ದುಂಡಗೆ, ಅಂಚು ಕತ್ತರಿಸಿದ ಹಾಗೆ ಬೆಳೆಯುತ್ತದೆ. ಮನುಷ್ಯರಲ್ಲಿ ಈ ಗಡ್ಡೆ ಹಾಗೆ ಬೆಳೆಯುವುದಿಲ್ಲ.

ಎರಡನೆಯದು, ಔಷಧ ಬಾಯಿಂದ ಕೊಟ್ಟರಾ, ಹೊಟ್ಟೆಗೆ ಇಂಜೆಕ್ಷನ್ ಕೊಟ್ಟರಾ? ಇಂಜೆಕ್ಷನ್ ಆದರೆ ಕ್ಯಾಪ್ಸೂಲಿಗೆ ಅದು ಸಾಕ್ಷಿಯಲ್ಲ.

ಮೂರನೆಯದು ಡೋಸ್. ಇಲಿಗೆ ಕಿಲೋಗೆ 100 ಮಿಲಿಗ್ರಾಂ ಕೊಟ್ಟರೆ 60 ಕಿಲೋ ಮನುಷ್ಯನಿಗೆ 6,000 ಮಿಲಿಗ್ರಾಂ ಅಂತ ನೇರ ಗುಣಿಸಬೇಡಿ. ಚರ್ಮದ ವಿಸ್ತೀರ್ಣ ನೋಡಿ ಸರಿದೂಗಿಸುವ ರೂಢಿ ಇದೆ: ಪುಟ್ಟ ಇಲಿಯ (ಮೌಸ್) ಅಂಕಿಯನ್ನು 12.3ರಿಂದ ಭಾಗಿಸುತ್ತಾರೆ. ಕಿಲೋಗೆ ಸುಮಾರು 8.1 ಮಿಲಿಗ್ರಾಂ, ಒಟ್ಟು 490ರ ಆಸುಪಾಸು. ಇದು ಸಂಶೋಧಕರು ಮೊದಲ ಮಾನವ ಪ್ರಯೋಗಕ್ಕೆ ಅಂದಾಜು ಹಾಕುವ ಲೆಕ್ಕ. ಇದನ್ನು ನೋಡಿ ಮನೆಯಲ್ಲಿ ಡೋಸ್ ನಿಗದಿ ಮಾಡಬೇಡಿ, ದಯವಿಟ್ಟು.

ಹಂತ 8: ಮನುಷ್ಯರ ಮೇಲೆ ಏನಾಯಿತು?

ಔಷಧದ ಹೆಸರು, ಗ್ಲಿಯೋಬ್ಲಾಸ್ಟೋಮ, ‘ಕ್ಲಿನಿಕಲ್ ಟ್ರಯಲ್’, ಈ ಮೂರು ಪದ ಸೇರಿಸಿ ಹುಡುಕಿ. ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗ ಸಿಕ್ಕರೆ ಅದಕ್ಕೆ ತೂಕ ಜಾಸ್ತಿ.

ಅಳತೆಗೋಲು ಯಾವುದು ಅಂತ ತಿಳಿದಿರಲಿ. 2005ರಲ್ಲಿ 573 ರೋಗಿಗಳ ಪ್ರಯೋಗದಲ್ಲಿ, ವಿಕಿರಣದ ಜೊತೆ ಟೆಮೊಜೊಲೊಮೈಡ್ ಕೊಟ್ಟಾಗ ಮಧ್ಯಮ ಬದುಕಿನ ಅವಧಿ (ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಬದುಕಿದ ಅವಧಿ) 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಎರಡೂವರೆ ತಿಂಗಳು. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಅದರ ಹಿಂದಿದ್ದದ್ದು ನೂರಾರು ರೋಗಿಗಳು ಮತ್ತು ವರ್ಷಗಟ್ಟಲೆಯ ಕೆಲಸ. ಇಂದಿಗೂ ಚಿಕಿತ್ಸೆಯ ತಳಪಾಯ ಅದೇ.

ಸಪ್ಲಿಮೆಂಟ್‌ಗಳಲ್ಲೂ ಪ್ರಾಮಾಣಿಕ ಪ್ರಯೋಗಗಳು ನಡೆದಿವೆ. 2011ರಲ್ಲಿ ಮೆದುಳಿನ ಗಡ್ಡೆಗೆ ವಿಕಿರಣ ಪಡೆಯುತ್ತಿದ್ದ 44 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,200 ಮಿಲಿಗ್ರಾಂ ಬೊಸ್ವೆಲಿಯ ಎಂಬ ಮರದ ಅಂಟಿನ ಸಾರ, ಉಳಿದವರಿಗೆ ಸಾರವಿಲ್ಲದ ಹುಸಿ ಮಾತ್ರೆ ಕೊಟ್ಟರು. ಮೆದುಳಿನ ಊತ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದದ್ದು ಸಾರ ಪಡೆದ ನೂರಕ್ಕೆ 60 ಜನರಲ್ಲಿ, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 26. ಊತ ಇಳಿಸುವುದು ರೋಗಿಗೆ ದೊಡ್ಡ ಸಮಾಧಾನವೇ. ಆದರೆ ಬದುಕಿನ ಅವಧಿ ಹೆಚ್ಚಿತು ಅಂತ ಆ ಪ್ರಯೋಗ ತೋರಿಸಲಿಲ್ಲ. ಸುದ್ದಿಯಲ್ಲಿ ಮಾತ್ರ ಈ ಎರಡೂ ಒಂದೇ ಆಗಿಬಿಡುತ್ತವೆ.

‘ತಿಂದರೆ ನಷ್ಟವೇನು, ವಿಟಮಿನ್ ತಾನೇ’ ಅನ್ನುವವರಿಗೆ ನಾನು ಬೀಟಾ ಕ್ಯಾರೋಟೀನ್ ಕಥೆ ಹೇಳುತ್ತೇನೆ. ಅದು ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆ ಅಂತ ಎಲ್ಲರೂ ನಂಬಿದ್ದರು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿ 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟೀನ್ ಪಡೆದವರಲ್ಲಿ ಆ ಕ್ಯಾನ್ಸರ್ ನೂರಕ್ಕೆ 18ರಷ್ಟು ಜಾಸ್ತಿ ಆಗಿತ್ತು.

ಹಂತ 9: ಈಗ ನಡೆಯುತ್ತಿರುವ ಚಿಕಿತ್ಸೆಗೆ ಅಡ್ಡ ಬರುತ್ತದಾ?

ಇದನ್ನು ಲ್ಯಾಬ್ ಪರೀಕ್ಷೆಯೇ ಚೆನ್ನಾಗಿ ತೋರಿಸಿದ ಉದಾಹರಣೆ ಇದೆ. ಬೊರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧದ ಜೊತೆ ಗ್ರೀನ್ ಟೀಯ ಇಜಿಸಿಜಿ ಸೇರಿಸಿದರೆ ಇನ್ನೂ ಚೆನ್ನಾಗಿ ಕೊಲ್ಲಬಹುದು ಅಂತ ಸಂಶೋಧಕರು ಎಣಿಸಿದ್ದರು. ಮೈಲೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಮತ್ತು ಗ್ಲಿಯೋಬ್ಲಾಸ್ಟೋಮ ಕೋಶಗಳ ಮೇಲೆ ಹಾಕಿ ನೋಡಿದರೆ ಕೋಶಗಳು ಸಾಯುವುದೇ ನಿಂತಿತು! ಇಜಿಸಿಜಿ ಹೋಗಿ ಔಷಧದ ಬೋರಾನ್ ಭಾಗಕ್ಕೇ ಅಂಟಿಕೊಂಡು ಅದನ್ನು ಕಟ್ಟಿಹಾಕಿತ್ತು. 2009ರಲ್ಲಿ ಇದು ಪ್ರಕಟವಾಯಿತು.

ಉಳಿದವು ಚುಟುಕಾಗಿ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡಿ ಅನೇಕ ಔಷಧಗಳನ್ನು ಬೇಗ ಹೊರಹಾಕಿಸುತ್ತದೆ, ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಕೂಡ ಅದೇ ಕಿಣ್ವದ ದಾರಿಯಲ್ಲೇ ಹೋಗುತ್ತದೆ. ಪೈಪರಿನ್ ಇದಕ್ಕೆ ವಿರುದ್ಧ, ಕಿಣ್ವಗಳನ್ನು ತಡೆಯುತ್ತದೆ, ಅದರಿಂದ ಫಿಟ್ಸ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಬಹುದು. ಟೆಮೊಜೊಲೊಮೈಡ್ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಇಳಿಸುತ್ತದೆ, ಅದರ ಮೇಲೆ ರಕ್ತ ತೆಳುವಾಗಿಸುವ ಗಿಂಕೋ ಎಂಬ ಗಿಡದ ಸಾರ, ಹೆಚ್ಚು ಡೋಸಿನ ಮೀನೆಣ್ಣೆ ಸೇರಿದರೆ ಅಪಾಯ. ಗ್ರೀನ್ ಟೀ ಸಾರದ ಮಾತ್ರೆಯಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ ಹೋದರೆ ಯಕೃತ್ತಿಗೆ ಪೆಟ್ಟಾಗುವ ಲಕ್ಷಣ ಕಾಣುತ್ತದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಕುಡಿಯುವ ಟೀಯ ಮಾತಲ್ಲ ಇದು, ಮಾತ್ರೆಯದ್ದು.

ಹಂತ 10: ವೈದ್ಯರ ಬಳಿಗೆ ಡಬ್ಬಿಯ ಸಮೇತ ಹೋಗಿ

ಬಹಳ ಮನೆಗಳಲ್ಲಿ ಸಪ್ಲಿಮೆಂಟ್ ವಿಷಯವನ್ನು ವೈದ್ಯರಿಂದ ಮುಚ್ಚಿಡುತ್ತಾರೆ, ಬೈಯುತ್ತಾರೆ ಅನ್ನುವ ಭಯ. ಮುಚ್ಚಿಡಬೇಡಿ. ಈಗಾಗಲೇ ಶುರು ಮಾಡಿದ್ದರೂ ಪರವಾಗಿಲ್ಲ, ಹೇಳಿ.

ಡಬ್ಬಿಯ ಹಿಂಭಾಗದ ಫೋಟೋ ತೆಗೆಯಿರಿ, ಅಂಶಗಳ ಪಟ್ಟಿ ಓದುವಂತಿರಲಿ. ಒಂದು ಹಾಳೆಯಲ್ಲಿ ಯಾವಾಗಿಂದ, ದಿನಕ್ಕೆ ಎಷ್ಟು, ಯಾವ ಹೊತ್ತಿಗೆ ಅಂತ ಬರೆಯಿರಿ. ಕೆಳಗೆ ಪ್ರಬಂಧದಿಂದ ನಾಲ್ಕು ಸಾಲು: ಯಾವ ಕೋಶ, ಐಸಿ50 ಎಷ್ಟು, ರಕ್ತದಲ್ಲಿ ಸಿಗುವುದು ಎಷ್ಟು, ಮನುಷ್ಯರ ಪ್ರಯೋಗ ಇದೆಯಾ. ಇಷ್ಟು ಕೈಗೆ ಕೊಟ್ಟರೆ ವೈದ್ಯರು ಅಲ್ಲೇ ನೋಡಿ ಮಾತಾಡಬಹುದು, ಔಷಧ ತಜ್ಞರನ್ನು ಕೇಳಬಹುದು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ ಹಾಳೆಯ ಮೇಲ್ಗಡೆ ಆ ತಾರೀಖನ್ನು ದಪ್ಪಕ್ಷರದಲ್ಲಿ ಬರೆದು, ‘ಯಾವುದನ್ನು ಎಷ್ಟು ದಿನ ಮೊದಲೇ ನಿಲ್ಲಿಸಬೇಕು?’ ಅಂತ ಮೊದಲ ಪ್ರಶ್ನೆಯಾಗಿ ಕೇಳಿ. ಉತ್ತರವನ್ನು ಅದೇ ಹಾಳೆಯಲ್ಲಿ, ಆಯಾ ಡಬ್ಬಿಯ ಹೆಸರಿನ ಎದುರಿಗೆ ಬರೆದುಕೊಳ್ಳಿ. ರೋಗಿಯನ್ನು ನೋಡಿಕೊಳ್ಳುವ ಎಲ್ಲರಿಗೂ ಅದರ ಫೋಟೋ ಕಳಿಸಿ.